ಒಂದೇ ಕೀರ್ತನೆಯಲ್ಲಿ ಸಂಸಾರ

ಕಷ್ಟ ಬಂದ ಮನೆಯಲ್ಲಿ ನಗು ನಿಂತುಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನಮ್ಮ ಯಜಮಾನರಿಗೆ ಲಕ್ವಾ ಹೊಡೆದ ಮೇಲೆ ರಾಮನಗರದ ನಮ್ಮ ಮನೆಯಲ್ಲಿ ಒಂದಲ್ಲ ಒಂದು ನಗುವ ಪ್ರಸಂಗ ನಡೆಯುತ್ತಲೇ ಇತ್ತು. ನಕ್ಕಾದ ಮೇಲೆ ಅಡುಗೆಮನೆಗೆ ಹೋಗಿ ಅಳುತ್ತಿದ್ದೆ, ಅದು ಬೇರೆ ವಿಷಯ.

ನೀರು

ಅವರ ಮಾತು ಪೂರ್ತಿ ಹೋಗಿತ್ತು. ನನ್ನ ಹೆಸರೂ ಬರುತ್ತಿರಲಿಲ್ಲ. ಒಂದು ಸಂಜೆ ಎಂದಿನಂತೆ ಬೈಬಲ್ ತೆಗೆದು, ದೇವರನ್ನು ಕುರುಬನೆಂದು ಹಾಡುವ ಕೀರ್ತನೆ ಓದುತ್ತಿದ್ದೆ. ನೀರಿನ ಬಳಿಗೆ ಕರೆದೊಯ್ಯುವ ಸಾಲು ಬಂದಾಗ ಮಂಚದ ಮೇಲಿಂದ ಅವರ ದನಿಯೂ ಸೇರಿತು, ಒಂದಕ್ಷರ ತಪ್ಪದೆ. ನನಗೆ ಕಣ್ಣು ತುಂಬಿ ಬಂತು. ಮುಂದಿನ ಸಾಲಿಗೆ ಹೋದೆ. ಅವರು ಮಾತ್ರ ಅದೇ ಸಾಲನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ದೇವರೇ ಮುಟ್ಟಿದ್ದಾನೆ ಎಂದು ಮೊಣಕಾಲೂರಿ ಉದ್ದಕ್ಕೆ ಪ್ರಾರ್ಥನೆ ಮಾಡಿದೆ. ಕಣ್ಣು ಬಿಟ್ಟರೆ, ಚೊಂಬಿನ ಕಡೆ ಕೈ ಚಾಚಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಬಾಯಾರಿತ್ತು, ಪಾಪ.

ಕಾಫಿ

"ಬಾಯಿಪಾಠ ಮಾಡಿದ್ದು ಕೆಲವರಿಗೆ ಉಳಿದಿರುತ್ತೆ ಅಮ್ಮ. ಅದರಲ್ಲೇ ಮಾತಾಡಿಸಿ," ಎಂದರು ಡಾಕ್ಟರು. ರೇಷ್ಮೆ ನೂಲು ತೆಗೆಯುತ್ತಾ ಇಡೀ ದಿನ ಯಜಮಾನರು ಗುನುಗುತ್ತಿದ್ದದ್ದು ಆ ಒಂದೇ ಕೀರ್ತನೆ. ಇನ್ನು ಸಂಸಾರವೆಲ್ಲ ಅದರಲ್ಲೇ ನಡೆಯಬೇಕು. ಅವರು ಏನೋ ಹೇಳಿ, ನನಗದು ತಿಳಿಯದೆ ಹೋದರೆ ಎಂಬ ಭಯ ನನ್ನನ್ನು ಬಿಡುತ್ತಿರಲಿಲ್ಲ.

ಅದೇ ಡಾಕ್ಟರು ಕಾಫಿ ಅರ್ಧ ಲೋಟ ಸಾಕು ಎಂದಿದ್ದರು. ಅರ್ಧ ಲೋಟ ಕೈಗಿಟ್ಟ ಕೂಡಲೇ ಇವರ ಬಾಯಲ್ಲಿ ಬಟ್ಟಲು ತುಂಬಿ ಹರಿಯುವ ಸಾಲು ಶುರುವಾಗುತ್ತಿತ್ತು. ಡಾಕ್ಟರು ದೊಡ್ಡವರೋ ದೇವರ ವಾಕ್ಯ ದೊಡ್ಡದೋ ಎಂದು ಕಣ್ಣಲ್ಲೇ ಕೇಳುತ್ತಿದ್ದರು. ಕೊನೆಗೆ ಮುಕ್ಕಾಲು ಲೋಟಕ್ಕೆ ರಾಜಿಯಾದೆವು.

ಎಣ್ಣೆ

ನಾನು ಪೇಟೆಗೆ ಹೋದಾಗ ಅವರನ್ನು ನೋಡಿಕೊಳ್ಳುತ್ತಿದ್ದವಳು ಪಕ್ಕದ ಮನೆಯಾಕೆ. ಸಾತನೂರು ಕಡೆಯ ಒಕ್ಕಲು ಮನೆಯ ಹೆಣ್ಣು, ಚರ್ಚಿನೊಳಗೆ ಕಾಲಿಟ್ಟವಳಲ್ಲ. ಒಂದು ದಿನ ನನಗೆ ಫೋನು ಮಾಡಿ, "ಅಕ್ಕಾ, ಅಣ್ಣ ಎಣ್ಣೆ ಮಾತು ಹೇಳ್ತಾವ್ರೆ. ತಲೆಗೆ ಒಸಿ ಹಚ್ಬುಡ್ಲಾ?" ಎಂದಳು. ಅಷ್ಟರಲ್ಲಾಗಲೇ ಕೀರ್ತನೆಯೆಲ್ಲ ಅವಳಿಗೆ ಬಾಯಿಗೆ ಬಂದಿತ್ತು.

ಇನ್ನೊಮ್ಮೆ ನಮ್ಮ ಪಾಸ್ಟರು ಮನೆಗೆ ಬಂದು, ವಿಶ್ವಾಸಿಯ ಬಾಳಿಗೆ ದೇವರ ವಾಕ್ಯ ಯಾಕೆ ಬೇಕು ಎಂದು ದೊಡ್ಡ ಪ್ರಸಂಗ ಮಾಡಿದರು. ತಿದ್ದುವುದಕ್ಕೆ, ಬುದ್ಧಿ ಹೇಳುವುದಕ್ಕೆ, ರಕ್ಷಣೆಗೆ. ಬಾಗಿಲಲ್ಲಿ ನಿಂತಿದ್ದ ಇವಳು, "ಅದೆಲ್ಲ ನಂಗೆ ಗೊತ್ತಿಲ್ಲ ಸ್ವಾಮಿ. ಈ ಮನೇಲಿ ಅದಿಲ್ದೆ ಹೋಗಿದ್ರೆ ಅಣ್ಣ ಉಪಾಸ ಬೀಳ್ತಿದ್ರು," ಎಂದಳು. ಮುಂದಿನ ಭಾನುವಾರ ಪಾಸ್ಟರು ಚರ್ಚಿನಲ್ಲಿ ಅದೇ ಮಾತನ್ನು ತಮ್ಮದೆಂಬಂತೆ ಹೇಳಿದರು.

ಊಟ

ಕನಕಪುರದಿಂದ ಮೈದುನ ಬಂದ. ಅಣ್ಣತಮ್ಮಂದಿರು ಮಾತು ಬಿಟ್ಟು ಎಷ್ಟೋ ಕಾಲವಾಗಿತ್ತು. ಅವನನ್ನು ಕಂಡದ್ದೇ ಇವರು ಊಟ ಬಡಿಸುವ ಸಾಲು ಹೇಳಿದರು.

"ಊಟ ಮಾಡ್ಕೊಂಡು ಹೋಗು ಅಂತಿದ್ದಾರೆ," ಎಂದೆ.

ಅವನೂ ಸಂಡೇ ಸ್ಕೂಲಿನಲ್ಲಿ ಕಲಿತವನೇ. "ಅತ್ತಿಗೆ, ಆ ಸಾಲಲ್ಲಿ ಬಡಿಸೋದು ವೈರಿಗಳ ಮುಂದೆ ಅಲ್ವಾ?"

"ಹೌದಪ್ಪ. ಕೈ ತೊಳ್ಕೊ."

ಅಳುತ್ತಲೇ ಮುದ್ದೆ ನುಂಗಿದ. ಅಳುತ್ತಲೇ ಇನ್ನೊಂದು ಮುದ್ದೆ ಹಾಕಿಸಿಕೊಂಡ.

ಮನೆ

ಒಂದು ಬುಧವಾರ ಬೆಳಿಗ್ಗೆ, ಅದುವರೆಗೆ ಮುಟ್ಟದಿದ್ದ ಕೊನೆಯ ಸಾಲು ಹೇಳಿದರು. ಕರ್ತನ ಮನೆಯಲ್ಲಿ ವಾಸ ಮಾಡುವ ಸಾಲು. ಚರ್ಚಿಗೆ ಹೋಗುವ ಆಸೆ ಎಂದುಕೊಂಡು ಬಿಳಿ ಅಂಗಿ ತೊಡಿಸಿ, ಆಟೋ ಹತ್ತಿಸಿ ಕರೆದೊಯ್ದೆ. ಕಾವಲಿನವರನ್ನು ಕರೆದು ಬಾಗಿಲು ತೆಗೆಸಿದೆ. ಒಳಗೆ ನೋಡಿ, ಅಲ್ಲ ಎಂದು ತಲೆಯಾಡಿಸಿದರು. ಹಾಗಾದರೆ ಮಾಗಡಿ ಹತ್ತಿರದ ಕಲ್ಯದಲ್ಲಿ ಅವರು ಹುಟ್ಟಿದ ಮನೆಯೇ? ಅದೂ ಅಲ್ಲ.

ಮನೆಗೆ ಬಂದು ಮಲಗಿಸಿದಾಗ ಮತ್ತೆ ಅದನ್ನೇ ಹೇಳಿ, ನನ್ನ ಕೈ ಹಿಡಿದುಕೊಂಡರು. ಆಗ ತಿಳಿಯಿತು. ಕೋಪವೇ ಬಂತು ನನಗೆ.

"ನನಗೆ ಹೇಳ್ದೆ ಕೇಳ್ದೆ ಹೋಗ್ಬಿಡ್ತೀರಾ?"

ಕಿವುಡಿಗೆ ಹೇಳುವವರಂತೆ ಅದೇ ಸಾಲನ್ನು ದನಿ ಏರಿಸಿ, ಬಿಡಿಸಿ ಬಿಡಿಸಿ ಹೇಳಿದರು. ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಶುಕ್ರವಾರ ತೀರಿಕೊಂಡರು.

ಜೀವಮಾನವಿಡೀ ಮಾರ್ಕೆಟ್ಟಿಗೆ ಹೋಗುವುದನ್ನೂ ಹೇಳದೆ ಹೊರಟುಬಿಡುತ್ತಿದ್ದ ಮನುಷ್ಯ, ಇದೊಂದು ಸಲ ಹೇಳಿ ಹೇಳಿ ಹೋದರು.