ಬರೆಯದ ಪರೀಕ್ಷೆಗೆ ಸೊನ್ನೆ ಕೊಟ್ಟ ಜರಡಿಯವರಿಗೆ

ಲಾರೆಲ್ ಫೋರ್ಕ್ ಆಸ್ಪತ್ರೆಯ ಕಂಪ್ಯೂಟರಿನೊಳಗೆ ಕುಳಿತು, ತರಬೇತಿ ಕೋರಿ ಬರುವ ವೈದ್ಯ ವಿದ್ಯಾರ್ಥಿಗಳ ಅರ್ಜಿಗಳನ್ನು ಹಗಲಿರುಳೆನ್ನದೆ ಸೋಸುತ್ತಿರುವ ಮಾನ್ಯ ಜರಡಿಯವರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಅಲ್ಲಿ ಕರೆಂಟು ತಪ್ಪದೆ, ತಂಪು ಗಾಳಿಗೆ ಕೊರತೆಯಿಲ್ಲದೆ ಸುಖವಾಗಿದ್ದೀರೆಂದು ನಂಬಿದ್ದೇನೆ. ತಮ್ಮ ಆಸ್ಪತ್ರೆಯಿಂದ ಎರಡು ಬೆಟ್ಟ ಆಚೆಯ ಕಣಿವೆಯಲ್ಲಿ ನಾವು ಹೇಗಿದ್ದೇವೆ ಎಂದು ತಾವು ವಿಚಾರಿಸುವವರಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ: ಮಳೆ ಹೆಚ್ಚಾಗಿ ರಸ್ತೆ ಒಂದು ಕಡೆ ಕುಸಿದಿದೆ, ಕೆಂಟಕಿಯ ಈ ಮೂಲೆಯಲ್ಲಿ ಅದೇನೂ ಸುದ್ದಿಯಲ್ಲ, ಉಳಿದಂತೆ ಕ್ಷೇಮ. ನನ್ನ ಹೆಸರು ಮಾರ್ಲಾ ಗೇಹಾರ್ಟ್. ಆಸ್ಟಿಯೋಪತಿ ವೈದ್ಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೇನೆ. ತಮ್ಮ ದಫ್ತರದಲ್ಲಿ ನನ್ನ ಹೆಸರಿನ ಮುಂದೆ ಒಂದು ದೊಡ್ಡ ಸೊನ್ನೆ ಇದೆಯಂತೆ, ಗುರುತು ಹಿಡಿಯಲು ಅಷ್ಟು ಸಾಕು ಎಂದುಕೊಂಡಿದ್ದೇನೆ.

ಮೊದಲಿಗೆ ತಮ್ಮ ಚುರುಕುತನವನ್ನು ಮೆಚ್ಚಿಕೊಳ್ಳದಿದ್ದರೆ ನಾನು ಕೃತಘ್ನಳಾಗುತ್ತೇನೆ. ಬೇಸಿಗೆಯಿಡೀ ಕೂತು, ಬರೆದು ಹರಿದು ಮತ್ತೆ ಬರೆದು, ನಾನೇಕೆ ಈ ಬೆಟ್ಟಗಳ ನಡುವೆ ಕುಟುಂಬ ವೈದ್ಯೆಯಾಗಬೇಕು ಎಂಬುದನ್ನು ಒಂದು ಪುಟದಲ್ಲಿ ಹಿಡಿಸಿ ತಮ್ಮ ಪಾದಕ್ಕೆ ಅರ್ಪಿಸಿದ ಬೆಳಗ್ಗೆ, ನನ್ನ ಆರ್ಡಿತ್ ಚಿಕ್ಕಮ್ಮ ಒಲೆಯ ಮೇಲೆ ಇಟ್ಟಿದ್ದ ಬೀನ್ಸ್ ಇನ್ನೂ ಕುದಿ ಬಂದಿರಲಿಲ್ಲ, ಅಷ್ಟರಲ್ಲೇ ತಮ್ಮ ವಿಷಾದ ಪತ್ರ ನನ್ನ ಫೋನಿಗೆ ಬಂದು ಬಿದ್ದಿತ್ತು. ಮನುಷ್ಯರಾಗಿದ್ದರೆ ಆ ಪುಟವನ್ನು ಓದಿ, ಕನ್ನಡಕ ಒರೆಸಿಕೊಂಡು, ಪಕ್ಕದವರಿಗೆ ತೋರಿಸಿ, ಕಾಫಿ ಕುಡಿದು, ಆಮೇಲೆ ಬೇಡ ಎನ್ನುತ್ತಿದ್ದರು. ತಾವು ಓದುವ ತೊಂದರೆಯನ್ನೇ ತೆಗೆದುಕೊಳ್ಳಲಿಲ್ಲ.

ತಮ್ಮಂಥವರಿಗೆ ಇದೆಲ್ಲ ಗೊತ್ತಿರಲಾರದು ಎಂಬ ಕಾರಣಕ್ಕೆ ಸ್ವಲ್ಪ ವಿವರಿಸುವ ಧೈರ್ಯ ಮಾಡುತ್ತೇನೆ. ಈ ದೇಶದ ಮಾಮೂಲಿ ಡಾಕ್ಟರ್ ಪದವಿಯಾದ ಎಂ.ಡಿ. ಪಡೆಯುವವರು ಓದುವುದನ್ನೆಲ್ಲ ನಾವೂ ಓದುತ್ತೇವೆ, ಅದರ ಮೇಲೆ ಬೆನ್ನು, ಕುತ್ತಿಗೆ, ಕೀಲುಗಳನ್ನು ಕೈಯಿಂದಲೇ ಮುಟ್ಟಿ ನೋಡಿ ಸರಿಪಡಿಸುವ ವಿದ್ಯೆಯನ್ನೂ ಕಲಿಯುತ್ತೇವೆ, ಕೊನೆಗೆ ಡಿ.ಓ. ಆಗುತ್ತೇವೆ. ಕಾನೂನಿನ ಕಣ್ಣಿಗೆ ಇಬ್ಬರೂ ಡಾಕ್ಟರರೇ. ಪರವಾನಗಿಗೆ ಅವರದೊಂದು ಪರೀಕ್ಷೆ, ನಮ್ಮದೊಂದು ಪರೀಕ್ಷೆ. ನಮ್ಮಲ್ಲಿ ಮುಂಜಾಗ್ರತೆಯವರು ನಮ್ಮದನ್ನು ಬರೆದ ಬೆನ್ನಿಗೇ ಅವರದನ್ನೂ ಬರೆದುಬಿಡುತ್ತಾರೆ, ಒಂದೇ ಊಟಕ್ಕೆ ಎರಡು ಸಲ ಕೈ ತೊಳೆದ ಹಾಗೆ. ನಾನು ನಮ್ಮದನ್ನು ಮಾತ್ರ ಬರೆದೆ, ಒಳ್ಳೆಯ ಅಂಕಗಳನ್ನೇ ಪಡೆದೆ, ಅವರ ಪರೀಕ್ಷೆಯ ಅಂಕ ಕೇಳುವ ಚೌಕವನ್ನು ಅರ್ಜಿಯಲ್ಲಿ ಖಾಲಿ ಬಿಟ್ಟೆ. ಬರೆಯದ್ದನ್ನು ಬರೆದಿಲ್ಲ ಎನ್ನುವುದು ನಮ್ಮ ಕಡೆ ವಾಡಿಕೆ. ತಾವು ಆ ಖಾಲಿ ಚೌಕವನ್ನು ನೋಡಿ, ಅದನ್ನು ಸೊನ್ನೆ ಎಂದು ಭಾವಿಸಿ, ಪಾಸಾಗಲು ಬೇಕಾದಷ್ಟು ಸೊನ್ನೆಯಲ್ಲಿ ಇಲ್ಲವೆಂದು ಲೆಕ್ಕ ಹಾಕಿ, ನನ್ನನ್ನು ಕೆಳಕ್ಕೆ ಉದುರಿಸಿದಿರಿ. ನಾನು ಕಾಲಿಡದ ಕೋಣೆಯಲ್ಲಿ ನಡೆದ ಪರೀಕ್ಷೆಯಲ್ಲಿ ನಾನು ನಪಾಸಾಗಿದ್ದೇನೆ. ಇಷ್ಟು ಕಡಿಮೆ ಶ್ರಮದಲ್ಲಿ ನಾನು ಬೇರೆ ಯಾವ ಪರೀಕ್ಷೆಯ ಫಲಿತಾಂಶವನ್ನೂ ಪಡೆದಿರಲಿಲ್ಲ.

ಈ ನ್ಯಾಯವನ್ನು ತಾವು ಆಸ್ಪತ್ರೆಗೆ ಮಾತ್ರ ಸೀಮಿತವಾಗಿಡಬಾರದೆಂದು ನನ್ನ ಕಳಕಳಿಯ ವಿನಂತಿ. ಡರ್ಬಿಯ ಕುದುರೆ ಓಟದಲ್ಲಿ ನಾನು ಯಾವತ್ತೂ ಓಡಿಲ್ಲ, ದಯವಿಟ್ಟು ಅಲ್ಲಿಯೂ ನನಗೆ ಕೊನೆಯ ಸ್ಥಾನ ದಯಪಾಲಿಸಬೇಕು. ನಮ್ಮ ಪಾದ್ರಿಗಳು ಈಜು ಸ್ಪರ್ಧೆಗೆ ಇಳಿದವರಲ್ಲ, ಅವರನ್ನು ಮುಳುಗಿದವರ ಪಟ್ಟಿಗೆ ಸೇರಿಸಿದರೆ ಅವರ ಮನೆಯವರಿಗೆ ತಿಳಿಸುವ ಕೆಲಸ ನನ್ನದು.

ಇಷ್ಟಕ್ಕೂ ಎರಡನೆಯ ಪರೀಕ್ಷೆಯನ್ನು ಯಾಕೆ ಬರೆಯಲಿಲ್ಲ ಎಂದು ತಾವು ಕೇಳಬಹುದು. ಅದಕ್ಕೆ ತಮ್ಮ ಆಸ್ಪತ್ರೆಯೇ ಕಾರಣ. ತಮ್ಮ ತರಬೇತಿ ವಿಭಾಗದ ಮುಖ್ಯಸ್ಥರಾದ ಡಾಕ್ಟರ್ ವೆಂಡೆಲ್ ಟ್ಯಾಕೆಟ್ ಸ್ವತಃ ಡಿ.ಓ., ಅಲ್ಲಿ ರೋಗಿ ನೋಡುವ ಮುಕ್ಕಾಲು ಪಾಲು ಜನ ಡಿ.ಓ.ಗಳು. ಕಳೆದ ಬೇಸಿಗೆಯ ಮೊದಲಲ್ಲಿ ನಾನು ಅಲ್ಲಿ ಕೆಲಸ ಕಲಿಯಲು ಬಂದಿದ್ದೆ. ಕೊನೆಯ ದಿನ ಡಾಕ್ಟರ್ ಟ್ಯಾಕೆಟ್ ನನ್ನ ಬಗ್ಗೆ ಅಭಿಪ್ರಾಯ ಬರೆಯಲು ಕೂತವರು ಕುತ್ತಿಗೆಯನ್ನು ಒಂದು ಪಕ್ಕಕ್ಕೆ ಹಿಡಿದುಕೊಂಡಿದ್ದರು. ಬೇರೆ ಕಾಲೇಜಿನವರಾಗಿದ್ದರೆ ಕಂಡೂ ಕಾಣದಂತೆ ಸುಮ್ಮನಿರುತ್ತಿದ್ದರು. ನಮಗೆ ಮೊದಲ ವರ್ಷದಿಂದಲೂ ಪಕ್ಕದಲ್ಲಿ ಕೂತವರ ಬೆನ್ನು ಕುತ್ತಿಗೆಗಳನ್ನೇ ಒತ್ತಿ ಕಲಿಸಿರುತ್ತಾರೆ, ಓರೆ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ನನಗೆ ಅಂಕ ಕೊಡಬೇಕಾದ ಮನುಷ್ಯನನ್ನು, ಅವರು ಪೆನ್ನಿನ ಮುಚ್ಚಳ ತೆಗೆಯುವ ಮೊದಲೇ, ಸಿಬ್ಬಂದಿ ಊಟ ಮಾಡುವ ಮೇಜಿನ ಮೇಲೆ ಅಂಗಾತ ಮಲಗಿಸಿಬಿಟ್ಟೆ. ಬಾಗಿಲಲ್ಲಿ ನಿಂತ ದಾದಿಯೊಬ್ಬಳು ಅಲ್ಲಿಂದಲೇ ಹಿಂದಕ್ಕೆ ಹೋದಳು. ಮಲಗಿದವರು ಎದ್ದು, ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, "ನಿನ್ನ ಬಿಟ್ಟು ಇನ್ಯಾರನ್ನ ತಗೊಳ್ಳೋಣಮ್ಮಾ? ಸುಮ್ನೆ ಅರ್ಜಿ ಹಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು. ಆ ಮಾತನ್ನು ನಾನು ನಂಬಿದೆ. ತಮ್ಮ ಅಸ್ತಿತ್ವದ ವಿಷಯ ನನಗೆ ಆಗ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ ಎಂಬುದು ನಂತರ ಗೊತ್ತಾಯಿತು.

ದೂರದ ದೊಡ್ಡ ಆಸ್ಪತ್ರೆಯೊಂದು ಈ ಲಾರೆಲ್ ಫೋರ್ಕ್ ಆಸ್ಪತ್ರೆಯನ್ನು ತನ್ನೊಳಗೆ ಸೇರಿಸಿಕೊಂಡಾಗ ಹೊಸ ಬೋರ್ಡು, ಹೊಸ ಕಾಫಿ ಯಂತ್ರ ಮತ್ತು ತಾವು, ಮೂವರೂ ಒಟ್ಟಿಗೆ ದಯಮಾಡಿಸಿದಿರೆಂದು ಕೇಳಿದ್ದೇನೆ. ಕಾಫಿ ಯಂತ್ರ ಆಗಲೇ ಕೆಟ್ಟಿದೆ. ತಮ್ಮ ಆರೋಗ್ಯ ಮಾತ್ರ ಕಲ್ಲುಗುಂಡಿನಂತಿದೆ.

ಈಗ ನನ್ನ ಚಿಕ್ಕಮ್ಮನ ವಿಷಯಕ್ಕೆ ಬರುತ್ತೇನೆ. ತಾವು ಕಳಿಸಿದ ವಿಷಾದ ಪತ್ರದ ಕೆಳಗೆ ಡಾಕ್ಟರ್ ಟ್ಯಾಕೆಟರ ಸಹಿ ಇತ್ತು, ಎಷ್ಟು ಚೆನ್ನಾಗಿತ್ತೆಂದರೆ ಶಾಯಿ ಒದ್ದೆಯಾಗಿದೆಯೇನೋ ಎಂದು ನಾನು ಫೋನನ್ನು ಬೆರಳಿಂದ ಒರೆಸಿದೆ. ಚಿಕ್ಕಮ್ಮ ಅದನ್ನು ನೋಡಿದಂದಿನಿಂದ ಡಾಕ್ಟರ ಹೆಸರೆತ್ತಿದರೆ ಪಾತ್ರೆ ಕುಕ್ಕುತ್ತಿದ್ದಳು. ನವೆಂಬರಿನಲ್ಲಿ ಚರ್ಚಿನ ಊಟದ ದಿನ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಡಾಕ್ಟರ್ ಟ್ಯಾಕೆಟ್ ನನ್ನನ್ನು ಕಂಡು ಮುಖ ತಿರುಗಿಸಿದರು. ಚಿಕ್ಕಮ್ಮ ಕೋಳಿ ಬಡಿಸುವ ಸೌಟನ್ನು ಹಾಗೇ ಮೇಲೆ ಹಿಡಿದು, "ಏನ್ ಡಾಕ್ಟ್ರೇ, ನಮ್ಮ ಹುಡುಗೀನ ಬೇಡ ಅಂತ ಬರೆದು ಕಳಿಸಿದ್ದೂ ಅಲ್ದೆ ಮುಖ ಬೇರೆ ತಿರುಗಿಸ್ತೀರಾ?" ಎಂದು ಕೇಳಿದಳು. ಅವರು ತಟ್ಟೆ ಕೆಳಗಿಟ್ಟು, "ನಾನಾ? ಅವಳು ಅರ್ಜಿ ಹಾಕಿದ್ರೆ ತಾನೇ ಆರ್ಡಿತಮ್ಮ? ದಿನಾ ಬೆಳಗ್ಗೆ ಪಟ್ಟೀಲಿ ಇವಳ ಹೆಸರು ಹುಡುಕಿ ಹುಡುಕಿ ಸಾಕಾಯ್ತು. ದೊಡ್ಡ ಊರಿನ ಆಸೆ ಹತ್ತಿದೆ, ನಮ್ಮನ್ನ ಮರೆತ್ಲು ಅಂದ್ಕೊಂಡೆ" ಎಂದರು. ಆ ವಯಸ್ಸಿನ ಮನುಷ್ಯನ ದನಿ ಅಷ್ಟು ಸಣ್ಣದಾದದ್ದನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು, ಕೋಪವೂ ಬಂತು. ಫೋನು ತೆಗೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಸಹಿ ನನ್ನದೇ. ಹಾಕಿದ್ದು ನಾನಲ್ಲ" ಎಂದರು. ಹಿಂದೆ ನಿಂತವರು ಸಾಲು ಮುಂದೆ ಹೋಗಲಿ ಎಂದು ಗೊಣಗಿದರೂ ಚಿಕ್ಕಮ್ಮ ಸೌಟು ಇಳಿಸಲಿಲ್ಲ.

ಸೋಮವಾರ ಡಾಕ್ಟರು ಮಾಡಿದ ಕೆಲಸ ತಮಗೆ ನೆನಪಿರಬಹುದು. ಕಚೇರಿಯ ನೆಲ್ಡಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸ್ವಂತ ವಿದ್ಯಾರ್ಥಿ ದಿನಗಳ ಅಂಕಗಳನ್ನೆಲ್ಲ ಹುಡುಕಿ ತೆಗೆದು, ಸ್ವಂತ ಹೆಸರಿನಲ್ಲಿ ಸ್ವಂತ ವಿಭಾಗಕ್ಕೇ ಒಂದು ಅರ್ಜಿ ಹಾಕಿದರು. ಅವರೂ ನಮ್ಮ ಪರೀಕ್ಷೆಯನ್ನು ಮಾತ್ರ ಬರೆದವರು. ತಕ್ಷಣವೇ ತಮ್ಮ ಉತ್ತರ ಬಂತು: ಪ್ರಿಯ ಡಾಕ್ಟರ್ ಟ್ಯಾಕೆಟ್, ಈ ವರ್ಷ ಬಂದ ಅರ್ಜಿಗಳ ಗುಣಮಟ್ಟ ಬಹಳ ಎತ್ತರದ್ದಾಗಿತ್ತು, ತಮ್ಮನ್ನು ಕರೆಯಲಾಗದ್ದಕ್ಕೆ ವಿಷಾದಿಸುತ್ತೇನೆ, ತಮ್ಮ ಮುಂದಿನ ದಾರಿಗೆ ಶುಭವಾಗಲಿ, ಇಂತಿ ಡಾಕ್ಟರ್ ಟ್ಯಾಕೆಟ್. ಅವರು ಅದನ್ನು ಗಟ್ಟಿಯಾಗಿ ಓದಿದರಂತೆ. ನೆಲ್ಡಾ ನಗು ತಡೆಯಲಾರದೆ ಬಾತ್‌ರೂಮಿಗೆ ಓಡಿದರಂತೆ. ಆಮೇಲೆ ಡಾಕ್ಟರು, ಮಾನ್ಯರೇ, ತಾವು ಉದುರಿಸಿದ ರಾಶಿಯನ್ನು ತೆರೆಸಿ ನೋಡಿದರೆ, ಈ ಸುತ್ತಿನ ಕಣಿವೆಗಳಿಂದ ಹೋಗಿ ಡಿ.ಓ. ಓದಿ ಊರಿಗೇ ಮರಳಬೇಕೆಂದಿದ್ದ ಹುಡುಗ ಹುಡುಗಿಯರು ಸಾಲಾಗಿ ಅಲ್ಲೇ ಬಿದ್ದಿದ್ದರು. ಸಂದರ್ಶನಕ್ಕೆ ತಾವು ಆರಿಸಿದ್ದವರಲ್ಲಿ ಹಲವರು ನಮ್ಮ ಊರು ಯಾವ ರಾಜ್ಯದಲ್ಲಿದೆ ಎಂದು ನೆಲ್ಡಾರಿಗೆ ಫೋನು ಮಾಡಿ ಕೇಳಿದವರು.

ಇಲ್ಲಿ ನಾನು ನಗೆಯನ್ನು ಸ್ವಲ್ಪ ಬದಿಗಿಡುತ್ತೇನೆ, ತಾವು ಕ್ಷಮಿಸಬೇಕು. ಪದವಿ ಸಿಕ್ಕ ಮೇಲೆ ಯಾವುದಾದರೂ ಆಸ್ಪತ್ರೆ ತರಬೇತಿಗೆ ತೆಗೆದುಕೊಳ್ಳದಿದ್ದರೆ ನಮ್ಮಂಥವರು ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆದುಕೊಂಡು ಕೂರಬಹುದೇ ಹೊರತು ಒಬ್ಬ ರೋಗಿಗೂ ಚೀಟಿ ಬರೆಯಲಾಗದು. ದೂರದ ಬೇರೆ ರಾಜ್ಯದಲ್ಲಿ ಜಾಗ ಸಿಕ್ಕೀತು, ಆದರೆ ಅಲ್ಲಿ ಮನೆ, ಸ್ನೇಹ, ಸಾಲ, ಮದುವೆ ಎಲ್ಲ ಬೇರೂರಿಬಿಡುತ್ತವೆ, ನಮ್ಮ ಕಡೆಯಿಂದ ಹಾಗೆ ಹೋದ ನಮ್ಮ ಹಿರಿಯ ವಿದ್ಯಾರ್ಥಿಗಳು ಕ್ರಿಸ್‌ಮಸ್ಸಿಗೆ ಮಾತ್ರ ಬರುತ್ತಾರೆ. ನನಗೆ ಇಲ್ಲೇ ಡಾಕ್ಟರಾಗಬೇಕು. ಚಿಕ್ಕಮ್ಮನ ಎದೆ ನೋಯುವ ದಿನ ನಾನು ಬೇರೆ ರಾಜ್ಯದಲ್ಲಿ ನಿಂತು ಫೋನಿನಲ್ಲಿ ಉಸಿರು ಎಣಿಸುವಂತಾಗಬಾರದು. ನನ್ನ ಆಸೆ ಇಷ್ಟೇ, ಇದು ತಮ್ಮ ಯಾವ ಚೌಕದಲ್ಲೂ ಹಿಡಿಸುವುದಿಲ್ಲ ಎಂದು ಬಲ್ಲೆ.

ಡಾಕ್ಟರ್ ಟ್ಯಾಕೆಟ್ ಈಗ ರಾಶಿಯಿಂದ ನಮ್ಮ ಅರ್ಜಿಗಳನ್ನು ಕೈಯಿಂದಲೇ ಎತ್ತಿ, ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಸಂದರ್ಶನಕ್ಕೆ ಕರೆಯುತ್ತಿದ್ದಾರೆ. ನನ್ನ ಸರದಿ ಮುಂದಿನ ಗುರುವಾರ. ದೊಡ್ಡ ಆಸ್ಪತ್ರೆಯವರು ಜರಡಿಯ ತೀರ್ಪನ್ನು ಮೀರಿದ್ದೇಕೆ ಎಂದು ಕಾರಣ ಕೇಳಿದ್ದಾರಂತೆ. ಫೆಬ್ರವರಿಯಲ್ಲಿ ಡಾಕ್ಟರು ತರಬೇತಿಗೆ ಬೇಕಾದವರ ಹೆಸರುಗಳನ್ನು ಸಾಲಾಗಿ ಬರೆದು ಕಳಿಸುವವರೆಗೆ ತಾವು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ಪ್ರಾರ್ಥನೆ. ಅಷ್ಟೂ ದಿನ ಸುಮ್ಮನಿರಲು ಬೇಸರವಾದರೆ ಚಿಕ್ಕಮ್ಮನ ಅಡುಗೆಮನೆಗೆ ದಯಮಾಡಿಸಿ, ಮೆಕ್ಕೆಜೋಳದ ಹಿಟ್ಟು ಸೋಸುವ ಕೆಲಸ ಯಾವಾಗಲೂ ಇರುತ್ತದೆ. ಅಲ್ಲಿ ಬೇಡದ್ದೇ ಮೇಲೆ ಉಳಿದು ಬೇಕಾದದ್ದು ಕೆಳಗೆ ಬೀಳುತ್ತದೆ, ತಮ್ಮ ಅನುಭವಕ್ಕೆ ಅದು ಸರಿಯಾಗಿ ಒಗ್ಗುತ್ತದೆ.

ತಮ್ಮ ವಿಶ್ವಾಸಿ,
ಹೋಗದ ಕಡೆಯೂ ನಪಾಸಾಗಿರುವ
ಮಾರ್ಲಾ ಗೇಹಾರ್ಟ್

ತಾ.ಕ.: ತಾವು ಡಾಕ್ಟರ್ ಟ್ಯಾಕೆಟರಿಗೆ ಕಳಿಸಿದ ವಿಷಾದ ಪತ್ರಕ್ಕೆ ಅವರು ಗಾಜು ಹಾಕಿಸಿ, ರೋಗಿಗಳು ಕಾಯುವ ಕೋಣೆಯಲ್ಲಿ ತೂಗುಹಾಕಿದ್ದಾರೆ, ತಮಾಷೆಗೆಂದು. ಗಣಿಯಲ್ಲಿ ದುಡಿದು ಶ್ವಾಸಕೋಶ ಸವೆಸಿಕೊಂಡ ಎಲ್ಜಿ ಸ್ಲೋನ್ ಎಂಬ ಮುದುಕರು ನಿನ್ನೆ ಅದರ ಮುಂದೆ ನಿಂತು, ಆಮ್ಲಜನಕದ ನಳಿಗೆಯನ್ನು ಮೂಗಿಗೆ ಸರಿಪಡಿಸಿಕೊಳ್ಳುತ್ತ ಕೊನೆಯ ಸಾಲಿನವರೆಗೆ ಓದಿದರಂತೆ. ಸುತ್ತಲಿದ್ದವರು ನಗುತ್ತಿದ್ದರು, ಅವರು ನಗಲಿಲ್ಲ. ಒಳಗೆ ಹೋದವರು ಕುರ್ಚಿಯಲ್ಲಿ ಕೂರದೆ, "ಡಾಕ್ಟ್ರೇ, ಹಂಗಾದ್ರೆ ನೀವೂ ಹೋಗ್ತೀರಾ? ನಾವು ಇನ್ನು ಯಾರ ಹತ್ರ ಹೋಗೋದು?" ಎಂದು ಕೇಳಿದರಂತೆ.