ಲಿಂಗರಾಜು ಮೇಷ್ಟ್ರು ಮತ್ತು ಎಡಗಡೆಯ ಗುಂಡಿ

ಹುಣಸೂರಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ಲಿಂಗರಾಜು ಮೇಷ್ಟ್ರಿಗೆ ಆ ಭಾನುವಾರ ಬೆಳಿಗ್ಗೆ ಕಾಫಿಯೂ ರುಚಿಸಲಿಲ್ಲ. ಕಂಪ್ಯೂಟರ್ ನಡೆಸುವ ಲಿನಕ್ಸ್ ಎಂಬ ಮುಕ್ತ ತಂತ್ರಾಂಶದ ಹೊಸ ಆವೃತ್ತಿಯ ಸಿ.ಡಿ. ಮೈಸೂರಿನ ಗೆಳೆಯರಿಂದ ಕೈಸೇರಿತ್ತು. ಮದುವೆಯಲ್ಲಿ ತಾಳಿಯನ್ನೂ ಅವರು ಅಷ್ಟು ಜೋಪಾನವಾಗಿ ಹಿಡಿದಿರಲಿಲ್ಲ.

"ಈ ತಂತ್ರಾಂಶಕ್ಕೆ ಯಾರೂ ಯಜಮಾನರಿಲ್ಲ. ಬಳಸುವವನೇ ದೊರೆ!" ಇದು ಅವರು ಸಿಕ್ಕಸಿಕ್ಕವರಿಗೆಲ್ಲ (ಒಮ್ಮೆ ಕುತ್ತಿಗೆಯ ಮೇಲೆ ಕ್ಷೌರದ ಕತ್ತಿ ಇದ್ದಾಗಲೂ) ಹೇಳುತ್ತಿದ್ದ ಮಾತು. ಆದರೆ ಮನೆಯಲ್ಲಿದ್ದ ಒಂದೇ ಒಂದು ಕಂಪ್ಯೂಟರನ್ನು ನಿಜವಾಗಿ ಬಳಸುತ್ತಿದ್ದವಳು ಅವರ ಹೆಂಡತಿ ಪ್ರಮೀಳಾ. ಸುತ್ತಮುತ್ತಲ ಹಳ್ಳಿಗಳ ಮದುವೆ ಕಾರ್ಡುಗಳೆಲ್ಲ ಅವಳ ಬೆರಳಿನಿಂದಲೇ ಹುಟ್ಟುತ್ತಿದ್ದವು. ಅವಳು ಬಿಳಿಕೆರೆಯ ಅಕ್ಕನ ಮನೆಯಿಂದ ಹತ್ತೂವರೆಗೆ ಬರುವವಳಿದ್ದಳು. ಬಂದ ಕೂಡಲೇ ಬೆರಗಾಗಲಿ ಎಂದು ಮೇಷ್ಟ್ರು ಸಿ.ಡಿ. ಹಾಕಿಯೇಬಿಟ್ಟರು.

ಹತ್ತಕ್ಕೆಲ್ಲ ಕೆಲಸ ಮುಗಿಯಿತು. ಹೊಸ ಬಣ್ಣ, ಹೊಸ ಅಕ್ಷರ! ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಒಂದು ಸುತ್ತು ಕುಣಿದರು. ಒಂದೇ ಒಂದು ವಿಚಿತ್ರವಿತ್ತು. ಪರದೆಯ ಮೇಲಿನ ಕಿಟಕಿ ಮುಚ್ಚುವ ಗುಂಡಿ ಇಷ್ಟು ವರ್ಷ ಬಲತುದಿಯಲ್ಲಿದ್ದದ್ದು ಈಗ ಎಡತುದಿಗೆ ಬಂದು ಕೂತಿತ್ತು. ಮೇಷ್ಟ್ರು ಐದು ನಿಮಿಷ ಯೋಚಿಸಿ, ಎಡಗಡೆಯೇ ವೈಜ್ಞಾನಿಕ ಎಂದು ತಮ್ಮನ್ನು ತಾವೇ ಒಪ್ಪಿಸಿಕೊಂಡರು.

ಪ್ರಮೀಳಾ ಬಂದಳು. ಒಬ್ಬಳೇ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ ಕಂಪಲಾಪುರದ ಕುಳ್ಳಯ್ಯನೂ ಜೊತೆಗಿದ್ದ. ಅವನ ಮಗಳ ಮದುವೆಯ ಕಾರ್ಡು ಮಧ್ಯಾಹ್ನ ಎರಡು ಗಂಟೆಯೊಳಗೆ ಪ್ರೆಸ್ಸಿಗೆ ಸೇರಬೇಕಿತ್ತು. ತಪ್ಪಿದರೆ ಪ್ರೆಸ್ಸು ಮತ್ತೆ ತೆರೆಯುವುದು ಬುಧವಾರ. ಅಷ್ಟರೊಳಗೆ ಕಾರ್ಡು ಹಂಚಲು ಊರೂರು ಹೊರಟಿರಬೇಕು.

ಬಣ್ಣ ನೋಡಿ ಪ್ರಮೀಳಾ ಹುಬ್ಬೇರಿಸಿದಳು. ಆದರೆ ಗಡಿಬಿಡಿಯಲ್ಲಿ ಏನೂ ಕೇಳದೆ ಟೈಪು ಮಾಡಲು ಕೂತಳು. ಕುಳ್ಳಯ್ಯ 'ಸುಖಾಗಮನ ಬಯಸುವವರು' ಎಂಬಲ್ಲಿ ಮೂವತ್ತೊಂದು ಹೆಸರು ಹೇಳಿದ. ಒಂದೊಂದು ಹೆಸರಿನ ಹಿಂದೆಯೂ ಒಂದೊಂದು ಜಗಳವಿತ್ತು. ಯಾರ ಹೆಸರು ಮೇಲೆ, ಯಾರದು ಕೆಳಗೆ ಎಂದು ಬಗೆಹರಿಸುವಷ್ಟರಲ್ಲಿ ಒಂದು ಗಂಟೆ ಹಿಡಿಯಿತು. ಕೊನೆಗೆ ಪ್ರಮೀಳಾ ಅದನ್ನೆಲ್ಲ ಉಳಿಸಿಡಲು ಅಭ್ಯಾಸದಂತೆ ಮೌಸನ್ನು ಎಡಮೂಲೆಗೆ ಒಯ್ದು ಒತ್ತಿದಳು. ಅದು ಮುಚ್ಚುವ ಗುಂಡಿ! 'ಉಳಿಸಬೇಕೇ?' ಎಂಬ ಪ್ರಶ್ನೆ ಬಂತು. ಹೌದು ಇರುತ್ತಿದ್ದ ಜಾಗವನ್ನು ನೋಡದೆಯೇ ಒತ್ತಿದಳು. ಹೌದು ಮತ್ತು ಬೇಡಗಳ ಜಾಗವೂ ಅದಲುಬದಲಾಗಿತ್ತು. ಮೂವತ್ತೊಂದು ಜನ ನೆಂಟರೂ ಒಟ್ಟಿಗೆ ಮಾಯವಾದರು.

"ರೀ!" ಎಂದಳು ಪ್ರಮೀಳಾ. (ಹದಿನಾಲ್ಕು ವರ್ಷದ ಸಂಸಾರದಲ್ಲಿ ಈ ರೀಕಾರದ ಉದ್ದ ಅಳೆದೇ ಮೇಷ್ಟ್ರು ತಮ್ಮ ಭವಿಷ್ಯ ತಿಳಿಯುತ್ತಿದ್ದರು. ಇದು ಬಹಳ ಉದ್ದವಿತ್ತು.) "ಇದಕ್ಕೆ ಏನ್ ಮಾಡಿದ್ರಿ?"

"ಹೊಸ ಆವೃತ್ತಿ ಕಣೇ! ಗುಂಡಿ ಎಡಕ್ಕೆ ಬಂದಿದೆ, ಅಷ್ಟೆ. ಇದರ ಬಗ್ಗೆ ಇಂಟರ್‌ನೆಟ್ಟಲ್ಲಿ ಪ್ರಪಂಚವೇ ಬಡಿದಾಡ್ತಿದೆ, ಗೊತ್ತಾ?"

"ನನ್ನ ಯಾರು ಕೇಳಿದ್ರು?"

"ಅಲ್ಲಿರೋ ದೊಡ್ಡ ದೊಡ್ಡ ವಿನ್ಯಾಸಕಾರರು ಯೋಚಿಸೇ ಮಾಡಿರ್ತಾರೆ. ನಾಲ್ಕು ದಿನ ಕಳೆದ್ರೆ ರೂಢಿ ಆಗುತ್ತೆ."

"ಬಳಸೋರೇ ದೊರೆ ಅಂತಿದ್ರಲ್ಲ? ಈ ಮನೇಲಿ ಬಳಸೋಳು ನಾನು. ನನ್ ಗುಂಡಿ ಎಲ್ಲಿತ್ತೋ ಅಲ್ಲಿಗೇ ತಂದಿಡಿ. ಅಲ್ಲೀಗಂಟ ಒಂದಕ್ಷರ ಟೈಪ್ ಮಾಡಲ್ಲ ನಾನು."

ಕುಳ್ಳಯ್ಯ ಗಾಬರಿಯಾಗಿ ಎದ್ದು ನಿಂತ. "ಅಂಗನ್ಬೇಡ ಕಣವ್ವ! ಮೇಷ್ಟ್ರೇ, ಅದೇನ್ ಗುಂಡಿ ಕಿತ್ತಿದ್ದೀರೋ, ಬಿರ್ನೆ ಒಲ್ದ್‌ಬುಡಿ!"

ಮೇಷ್ಟ್ರಿಗೆ ಮೈಯೆಲ್ಲ ಹುರುಪು. ಸ್ವಾತಂತ್ರ್ಯವನ್ನು ಕಣ್ಣೆದುರೇ ತೋರಿಸುವ ಅವಕಾಶ! ಕುರ್ಚಿ ಎಳೆದು ಕೂತು ಅದನ್ನು ಒತ್ತಿದರು, ಇದನ್ನು ಅಳಿಸಿದರು. ಮುಚ್ಚುವ ಗುಂಡಿ ಎಡದಿಂದ ಹೋಯಿತು. ಬಲಕ್ಕೆ ಬರಲಿಲ್ಲ. ಇನ್ನೊಂದು ಪ್ರಯತ್ನಕ್ಕೆ ಕಿಟಕಿಯ ಮೇಲಿನ ಪಟ್ಟಿಯೇ ಹೊರಟುಹೋಯಿತು. ಗಂಟೆ ಒಂದಾಗುತ್ತ ಬಂತು. ಗುಂಡಿ ತೋಡಿದವರು ತಾವೇ, ಬಿದ್ದವರೂ ತಾವೇ ಎಂಬುದು ಮೇಷ್ಟ್ರಿಗೆ ಹೊಳೆಯತೊಡಗಿತು.

"ಏಳಿ ಅತ್ಲಾಗೆ," ಎಂದಳು ಪ್ರಮೀಳಾ. ಸಿ.ಡಿ.ಯ ಜೊತೆ ಗೆಳೆಯರು ನಾಲ್ಕು ಹಾಳೆಯ ಟಿಪ್ಪಣಿ ಕಳಿಸಿದ್ದರು. ಉತ್ಸಾಹದ ಭರದಲ್ಲಿ ಮೇಷ್ಟ್ರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು. ಪ್ರಮೀಳಾ ಲೋಟ ಸರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದಳು. ಮೂರನೆಯ ಹಾಳೆಯಲ್ಲಿ, ಹಳೆಯ ಜಾಗಗಳೇ ಬೇಕೆನ್ನುವವರು ಏನು ಮಾಡಬೇಕೆಂದು ಎರಡು ಸಾಲು ಬರೆದಿತ್ತು. ಅದನ್ನೇ ನೋಡಿಕೊಂಡು ಟೈಪು ಮಾಡಿದಳು. ಪಟ್ಟಿ ಬಂತು. ಗುಂಡಿ ಬಲತುದಿಯಲ್ಲಿ, ಏನೂ ಆಗಿಯೇ ಇಲ್ಲವೆಂಬಂತೆ ಕೂತಿತ್ತು.

"ಬಂತು! ಬಂತು!" ಕುಳ್ಳಯ್ಯ ಚಪ್ಪಾಳೆ ತಟ್ಟಿದ.

ಹೆಸರುಗಳ ಎರಡನೆಯ ಸುತ್ತು ಶುರುವಾಯಿತು. ಮೂವತ್ತಕ್ಕೆ ಕುಳ್ಳಯ್ಯನ ಗಾಡಿ ನಿಂತಿತು. ಇನ್ನೊಬ್ಬರು ಯಾರೆಂದು ಎಷ್ಟು ತಲೆ ಕೆರೆದರೂ ಹೊಳೆಯಲಿಲ್ಲ. ಕೊನೆಗೆ ಮೊಬೈಲಿನಲ್ಲಿ ಹೆಂಡತಿಯನ್ನೇ ಕೇಳಿದ. ಆ ಕಡೆಯಿಂದ ಬಂದ ಉತ್ತರ ಬೀದಿಗೂ ಕೇಳಿಸಿತು: "ನನ್ ತಮ್ಮುನ್ನೇ ಬುಟ್ಟಿದ್ದೀಯಾ? ಮದ್ವೆಗೆ ನಾನೂ ಬರಾಕಿಲ್ಲ ಓಗು!"

ತಮ್ಮನನ್ನು ಎಲ್ಲರಿಗಿಂತ ಮೇಲೆ ಕೂರಿಸಿ, ಉಳಿಸಿ, ಪೆನ್‌ಡ್ರೈವಿಗೆ ಹಾಕಿ ಕೊಟ್ಟಾಗ ಎರಡಕ್ಕೆ ಹನ್ನೆರಡು ನಿಮಿಷವಿತ್ತು. ಕುಳ್ಳಯ್ಯ ಚಪ್ಪಲಿ ಕೈಯಲ್ಲಿ ಹಿಡಿದು ಓಡಿದ. ಕಾರ್ಡು ಅಂದೇ ಅಚ್ಚಾಯಿತು.

ಅವನು ಅತ್ತ ಓಡಿದ್ದೇ ತಡ, ಪ್ರಮೀಳಾ ಇತ್ತ ಕಂಪ್ಯೂಟರಿನ ಪಾಸ್‌ವರ್ಡ್ ಬದಲಿಸಿದಳು. ಗಂಡನಿಗೊಂದು ಬೇರೆ ಖಾತೆ ತೆರೆದುಕೊಟ್ಟಳು. ಅದರಲ್ಲಿ ಓದಬಹುದು, ಬರೆಯಬಹುದು, ಏನನ್ನೂ ಬದಲಾಯಿಸುವಂತಿಲ್ಲ.

"ಇದು ಅನ್ಯಾಯ ಕಣೇ!"

"ನಾಲ್ಕು ದಿನ ಕಳೆದ್ರೆ ರೂಢಿ ಆಗುತ್ತೆ ಬುಡಿ."

ಮುಂದಿನ ಭಾನುವಾರ ಪಿರಿಯಾಪಟ್ಟಣದಲ್ಲಿ 'ಬಳಕೆದಾರನ ಸ್ವಾತಂತ್ರ್ಯ' ಎಂಬ ವಿಷಯದ ಮೇಲೆ ಮೇಷ್ಟ್ರ ಭಾಷಣವಿತ್ತು. ಪ್ರಮೀಳಾಳ ಅಪ್ಪಣೆ ಪಡೆದು, ಸಿ.ಪಿ.ಯು.ವನ್ನು ಬೆಡ್‌ಶೀಟಿನಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದರು. ನಲವತ್ತು ಜನ ಸೇರಿದ್ದರು. ಮೇಷ್ಟ್ರಿಗೆ ಆವೇಶ ಬಂತು. "ಬಂಧುಗಳೇ! ಇಲ್ಲಿ ಯಾವ ಗುಂಡಿ ಎಲ್ಲಿರಬೇಕು ಎಂದು ತೀರ್ಮಾನಿಸುವವರು ನಾವೇ! ಈಗ ನಿಮ್ಮ ಕಣ್ಣೆದುರೇ ಬದಲಾಯಿಸಿ ತೋರಿಸುತ್ತೇನೆ!" ಎಂದು ಒತ್ತಿದರು. ಪರದೆಯ ಮೇಲೆ ಪಾಸ್‌ವರ್ಡಿನ ಚೌಕ ಬಂದು ನಿಂತಿತು.

ಬೆವರು ಒರೆಸಿಕೊಂಡು ಮನೆಗೆ ಫೋನು ಮಾಡಿದರು. ಸಭಿಕರಿಗೆ ಕೇಳಿಸದಿರಲೆಂದು ಪಾಸ್‌ವರ್ಡನ್ನು ಮೆಲ್ಲಗೆ ಕೇಳಿದರು. ಆದರೆ ಮೈಕು ಅವರ ಅಂಗಿಯ ಮೇಲೇ ಇತ್ತು.

"ಏನ್ ಬದಲಾಯಿಸ್ಬೇಕು? ಯಾಕೆ? ಯಾರ್ ಕೇಳಿದ್ರು?" ಪ್ರಮೀಳಾಳ ದನಿ ಸಭೆಯ ಮೂಲೆಮೂಲೆಗೂ ತಲುಪಿತು. "ಮೊದ್ಲು ಅಲ್ಲಿರೋರ್ನೆಲ್ಲ ಕೇಳಿ. ಅವರು ಹೂಂ ಅಂದ್ರೆ ಆಮೇಲೆ ನಂಗ್ ಹೇಳಿ, ನೋಡಾಣ."

ಸಭೆಯಲ್ಲಿ ಆ ದಿನ ಬಿದ್ದ ಮೊದಲ ಚಪ್ಪಾಳೆ ಅದು. ಅಧ್ಯಕ್ಷತೆ ವಹಿಸಿದ್ದ ಚನ್ನಬಸವಣ್ಣನವರು ಕಣ್ಣೀರು ಬರುವಷ್ಟು ನಕ್ಕು, ಎದ್ದು ನಿಂತು ಘೋಷಿಸಿದರು: "ವಿಷಯ ಈಗ ಅರ್ಥ ಆಯ್ತು ನೋಡಿ. ಮುಂದಿನ ತಿಂಗಳು ಭಾಷಣಕ್ಕೆ ಅಮ್ಮಾವ್ರನ್ನೇ ಕರ್ಕೊಂಡ್ ಬನ್ನಿ ಮೇಷ್ಟ್ರೇ. ಸಿ.ಪಿ.ಯು. ಹೊರೋಕೆ ಹೆಂಗೂ ನೀವಿದ್ದೀರಿ."