ಸೋಲಲು ಬಾರದ ಅತ್ತೆ

ನಮ್ಮ ಅಜ್ಜಂಪುರದ ಅತ್ತೆಗೆ ಮಕ್ಕಳೆಂದರೆ ಪ್ರಾಣ. ಯಾರ ಪ್ರಾಣ ಎಂದು ಮಾತ್ರ ಕೇಳಬೇಡಿ! ರಜೆ ಬಂತೆಂದರೆ ಬೇರೆ ಮಕ್ಕಳ ಅತ್ತೆಯಂದಿರು ಊರಿಂದ ಬಂದು, ತಲೆ ನೇವರಿಸಿ, ಕೈಗೆ ಉಂಡೆ ಕೊಟ್ಟು, ಆಟದಲ್ಲಿ ಬೇಕೆಂದೇ ಸೋತು, "ಅಯ್ಯೋ ನನ್ನ ರಾಜ, ಎಷ್ಟು ಜಾಣ" ಎಂದು ನೆಟಿಕೆ ಮುರಿದು ಹೋಗುತ್ತಿದ್ದರು. ನಮ್ಮತ್ತೆಯೂ ಉಂಡೆ ತರುತ್ತಿದ್ದಳು, ಇಲ್ಲವೆನ್ನಲಾರೆ. ಆದರೆ ಆಕೆ ರೈಲು ಹತ್ತಿ ಕಡೂರಿಗೆ ಬರುತ್ತಿದ್ದದ್ದು ನಮ್ಮನ್ನು ಸೋಲಿಸುವುದಕ್ಕೆ. ಎಂಟು ವರ್ಷದ ಹುಡುಗನ ಎದುರು ಆಕೆ ಒಂದೇ ಒಂದು ಆಟ ಬಿಟ್ಟುಕೊಟ್ಟ ದಾಖಲೆ ತಾಲ್ಲೂಕು ಕಚೇರಿಯ ಕಪಾಟು ತಡಕಿದರೂ ಸಿಗಲಾರದು.

ಅತ್ತೆ ಅಪ್ಪನಿಗೆ ಅಕ್ಕ. ಅಪ್ಪನದು ಕಡೂರಿನಲ್ಲಿ ಕೊಬ್ಬರಿ ವ್ಯಾಪಾರ. ಅಜ್ಜಂಪುರದ ಮಾವನವರದು ಹಿಟ್ಟಿನ ಗಿರಣಿ. ಮಾವ ಬಹಳ ಸಾಧು. ಮದುವೆಯಾದ ಹೊಸದರಲ್ಲಿ ಒಮ್ಮೆ ಪಗಡೆಯಲ್ಲಿ ಹೆಂಡತಿಯ ವಿರುದ್ಧ ಗೆಲ್ಲುವ ಹಂತಕ್ಕೆ ಬಂದಿದ್ದರಂತೆ. ಗೆಲ್ಲಲಿಲ್ಲ, ಹಂತಕ್ಕೆ ಬಂದದ್ದಷ್ಟೇ. ಅದಕ್ಕೇ ಮೂರು ದಿನ ಉಪ್ಪಿಲ್ಲದ ಸಾರು ಉಂಡರು. ಆಮೇಲೆ ಆಟ ಹಾಗಿರಲಿ, ಮಾತಿನಲ್ಲಿ ಗೆಲ್ಲುವ ಸಾಹಸಕ್ಕೂ ಅವರು ಕೈಹಾಕಲಿಲ್ಲ.

ಆಗೆಲ್ಲ ನಮ್ಮ ಕಡೆ ಆಟಿಕೆ ಎಂದರೆ ಮರದಿಂದ ಉದುರುವ ವಸ್ತು. ತೆಂಗಿನ ಗರಿಯಲ್ಲಿ ವಾಚು ಕಟ್ಟಿಕೊಂಡರೆ ನಾವು ಸಾಹುಕಾರರು. ಅದೇ ಗರಿಯಲ್ಲಿ ಪೀಪಿ ಮಾಡಿ ಊದಿದರೆ ವಾದ್ಯದವರು. ಅಡಿಕೆ ಹಾಳೆಯ ಮೇಲೆ ಕೂತು ಎಳೆಸಿಕೊಂಡರೆ ಅಮಲ್ದಾರರ ಜೀಪು. ಚಡ್ಡಿ ಹರಿದರೆ ಅದಕ್ಕೂ ಅಮಲ್ದಾರರೇ ಹೊಣೆ! ಇಂಥ ಸುಖದ ದಿನಗಳಲ್ಲಿ ತರೀಕೆರೆಯ ನಮ್ಮ ಚಿಕ್ಕಪ್ಪ ಬಸ್‌ ಸ್ಟ್ಯಾಂಡಿನ ಎದುರು ಫ್ಯಾನ್ಸಿ ಸ್ಟೋರು ತೆರೆದು, ಬೆಂಗಳೂರಿನಿಂದ ಹೊಸ ಹೊಸ ಆಟದ ಸಾಮಾನು ತರಿಸತೊಡಗಿದ. ಯಾವುದನ್ನು ತರೀಕೆರೆಯ ಒಬ್ಬ ತಂದೆಯೂ ಕೊಳ್ಳಲಿಲ್ಲವೋ ಅದು ನಮ್ಮ ಮನೆಗೆ ಬರುತ್ತಿತ್ತು. "ಅಣ್ಣನ ಮಕ್ಕಳ ಮೇಲೆ ಎಷ್ಟು ಪ್ರೀತಿ ನೋಡಿ" ಎಂದು ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಆ ಪ್ರೀತಿಯ ಮೂಲ ಅಪ್ಪನಿಗೆ ಗೊತ್ತಿತ್ತು.

ಹೊಸ ಆಟಿಕೆ ಬಂದ ವಾರದೊಳಗೆ ಅತ್ತೆ ಬರುತ್ತಿದ್ದಳು. ಆಕೆಗೆ ಸುದ್ದಿ ಮುಟ್ಟಿಸುತ್ತಿದ್ದವರು ಯಾರು? ಇವತ್ತಿಗೂ ತಿಳಿಯದು. ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದಳು: "ಲೇ, ಅದೇನೋ ಹೊಸದು ಬಂದೈತಂತಲ್ಲ? ತಾರೋ ನೋಡನ."

ಮೊದಲು ಬಂದದ್ದು ಹಾವು-ಏಣಿ. ಬಣ್ಣ ಬಣ್ಣದ ರಟ್ಟು, ಕೆಂಪು ಪ್ಲಾಸ್ಟಿಕ್ ದಾಳ. ಅತ್ತೆ ದಾಳಕ್ಕೆ ವಿಭೂತಿ ಹಚ್ಚಿ, "ಶಿವಾ, ಮಕ್ಕಳಿಗೆ ಒಳ್ಳೇದು ಮಾಡಪ್ಪ" ಎಂದು ಕೈಮುಗಿದು, ನಮ್ಮನ್ನು ಮುಗಿಸಲು ಕೂತಳು. ಎಲ್ಲ ಸರಿಯಾಗಿಯೇ ನಡೆದಿತ್ತು. ತೊಂಬತ್ತೆಂಟನೆಯ ಮನೆಯಲ್ಲಿ ಒಂದು ಉದ್ದನೆಯ ಹಾವು ಬಾಯಿ ತೆರೆದುಕೊಂಡು ಮಲಗಿತ್ತು. ಅತ್ತೆಯ ಕಾಯಿ ನೆಟ್ಟಗೆ ಅದರ ಬಾಯಿಗೇ ಹೋಗಿ ನಿಂತಿತು. ನಾವು ಕೇಕೆ ಹಾಕಿದೆವು.

"ನಾನು ಇಳಿಯಲ್ಲ" ಎಂದಳು ಅತ್ತೆ.

"ಹಾವು ಕಚ್ತು ಅತ್ತೆ, ಇಳೀಲೇಬೇಕು" ಎಂದ ಅಣ್ಣ.

"ವರ್ಷಾ ವರ್ಷಾ ನಾಗರಪಂಚಮೀಲಿ ಹುತ್ತಕ್ಕೆ ಹಾಲೆರೆದವಳನ್ನ ಹಾವು ಕಚ್ಚುತ್ತೇನೋ? ನೀನು ಎರೆದಿದ್ದೀಯಾ? ಇಲ್ಲ ತಾನೇ? ಅದಕ್ಕೇ ನಿನಗೆ ಕಚ್ಚುತ್ತೆ. ಇಳಿ ನೀನು!"

"ಇದು ರಟ್ಟಿನ ಹಾವು ಅತ್ತೆ."

"ಅಲ್ಲಿ ಹುತ್ತದೊಳಗೆ ಹಾವು ಐತೋ ಇಲ್ವೋ ನಾನೇನು ಬಗ್ಗಿ ನೋಡಿದ್ನಾ? ಇಲ್ಲಾದ್ರೂ ಕಣ್ಣಿಗೆ ಕಾಣ್ತೈತೆ. ಸುಮ್ನೆ ದಾಳ ಹಾಕೋ."

ಆ ಆಟದಲ್ಲಿ ಅತ್ತೆ ನೂರು ಮುಟ್ಟಿದಳೆಂದು ಬೇರೆ ಹೇಳಬೇಕೆ?

ಮರುವರ್ಷ ಚಿಕ್ಕಪ್ಪ ಕಳಿಸಿದ್ದು ಕೀಲಿ ಕೊಟ್ಟರೆ ಓಡುವ ಎರಡು ತಗಡಿನ ಕಾರು. ಒಂದು ಹಸಿರು, ಒಂದು ನೀಲಿ. ಅತ್ತೆ ಎರಡನ್ನೂ ಕೈಯಲ್ಲಿ ತೂಗಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ತೆಂಗಿನಕಾಯಿ ಆರಿಸಿದ ಹಾಗೆ ನೀಲಿಯನ್ನು ಆರಿಸಿಕೊಂಡಳು. ಡಬ್ಬದ ಮೇಲೆ ಹತ್ತು ಸುತ್ತಿಗಿಂತ ಹೆಚ್ಚು ಕೀಲಿ ಕೊಡಬಾರದೆಂದು ಬರೆದಿತ್ತು. ಅತ್ತೆಗೆ ಇಂಗ್ಲಿಷ್ ಬಾರದು. ಬಂದಿದ್ದರೂ ಅದು ಬೇರೆಯವರಿಗೆ ಬರೆದದ್ದೆಂದು ತಿಳಿಯುತ್ತಿದ್ದಳು. ಹನ್ನೊಂದು, ಹನ್ನೆರಡು, ಹದಿಮೂರು... ರಾಗಿ ಕಲ್ಲು ತಿರುವಿದ ಕೈ ಅದು! ಒಳಗೆ ಏನೋ "ಢಣ್" ಎಂದಿತು. ಬಿಟ್ಟ ಕಾರು ಬಾಣದ ಹಾಗೆ ಹೋಗಿ, ನಡುಮನೆಯ ಹೊಸಿಲಿಗೆ ಹೊಡೆದು, ಒಂದು ಚಕ್ರವನ್ನು ದೇವರ ಮನೆಗೆ ಅರ್ಪಿಸಿ ಮಲಗಿಬಿಟ್ಟಿತು. ನನ್ನ ಕಣ್ಣಲ್ಲಿ ನೀರು. ಅತ್ತೆ ಸಮಾಧಾನ ಮಾಡಿದಳು: "ಅಳಬ್ಯಾಡ ಕಣೋ. ಮುರಿಯೋ ತನಕ ಯಾವುದು ಮುಂದಿತ್ತು ಹೇಳು? ನಂದೇ ತಾನೇ?"

ಊರು ಕೊಳ್ಳುವ, ಮನೆ ಕಟ್ಟುವ ವ್ಯಾಪಾರದ ಆಟವೂ ಒಂದು ಬಂತು. ಅದರಲ್ಲಿ ಅಣ್ಣ ಬೊಂಬಾಯಿ ಕೊಂಡ. ಅತ್ತೆಯ ಕಾಯಿ ಬೊಂಬಾಯಿಗೆ ಬಂದು ನಿಂತಿತು. ಅಣ್ಣ ಬಾಡಿಗೆ ಕೇಳಿದ. ಅತ್ತೆ ಕನ್ನಡಕ ಮೇಲೇರಿಸಿ, "ಖಾತೆ ಬದಲಾಗೈತಾ?" ಎಂದಳು. ಅತ್ತೆಯ ಗಂಡನ ಮನೆಯವರು ಬುಕ್ಕಾಂಬುಧಿ ಕೆರೆಯ ಕೆಳಗಿನ ಗದ್ದೆಗಾಗಿ ಇಪ್ಪತ್ತು ವರ್ಷ ಕೋರ್ಟಿಗೆ ಅಲೆದವರು. ಅವರ ಸೊಸೆಯ ಹತ್ತಿರ ಹತ್ತು ವರ್ಷದ ಪೋರ ಬೊಂಬಾಯಿಯ ಬಾಡಿಗೆ ವಸೂಲಿ ಮಾಡುವುದೆಂದರೇನು? "ಖಾತೆ ಇಲ್ಲ, ಪಹಣಿ ಇಲ್ಲ, ಬಂದ್ಬಿಟ್ಟ ಬಾಡಿಗೆ ಕೇಳಕ್ಕೆ. ಹೋಗೋ, ಶ್ಯಾನುಭೋಗರ ಹತ್ರ ಬರೆಸ್ಕೊಂಡು ಬಾ." ಅಣ್ಣ ನಿಜಕ್ಕೂ ಚಪ್ಪಲಿ ಮೆಟ್ಟಿ ಹೊರಟಿದ್ದ, ಅಮ್ಮ ತಡೆದಳು.

ಎಂಬತ್ತರ ಈಚೆಗೆ ಆ ಆರು ಬಣ್ಣದ ಕ್ಯೂಬು ಬಂತು ನೋಡಿ, ತಿರುಗಿಸಿ ತಿರುಗಿಸಿ ಒಂದೊಂದು ಮುಖಕ್ಕೂ ಒಂದೊಂದೇ ಬಣ್ಣ ತರುವುದು. ಕಡೂರಿನಲ್ಲಿ ಆಗ ಅದನ್ನು ತಿರುವದ ಬೆರಳಿಲ್ಲ. ಬಸ್ಸಿನಲ್ಲಿ ಕಂಡಕ್ಟರು ತಿರುವುತ್ತಿದ್ದ, ಸೀಟಿ ಊದುವುದನ್ನು ಮರೆಯುತ್ತಿದ್ದ. ನಮ್ಮ ಕ್ಯೂಬನ್ನು ಅತ್ತೆ ಅಜ್ಜಂಪುರಕ್ಕೆ ಒಯ್ದಳು. ತಿಂಗಳಾದ ಮೇಲೆ ನಾವೇ ಹೋಗಿ ನೋಡಿದರೆ ನಡುಮನೆಯ ಷೋಕೇಸಿನಲ್ಲಿ, ಕೃಷ್ಣನ ಬೊಂಬೆಯ ಪಕ್ಕ, ಹಳದಿ ಮುಖ ಮುಂದಾಗಿ ಕೂತಿತ್ತು. ನಾನು ತಿರುಗಿಸಿ ನೋಡಿದೆ. ಉಳಿದ ಐದೂ ಕಡೆ ಬಣ್ಣಗಳು ಸಂತೆಯ ಹಾಗೆ ಕಲಸಿಹೋಗಿದ್ದವು.

"ಒಂದೇ ಮುಖ ಸರಿಯಾಗಿರೋದು ಅತ್ತೆ!"

"ಜನ ನೋಡೋದು ಒಂದೇ ಮುಖ ಕಣೋ. ಮಿಕ್ಕಿದ್ದು ಗೋಡೆ ಕಡೆ ಇದ್ರಾಯ್ತು" ಎಂದಳು. ಮಾವ ಗಿರಣಿಗೆ ಹೊತ್ತಾಯಿತೆಂದು ಎದ್ದುಹೋದರು.

ಕ್ರಿಕೆಟ್ಟಿನ ಹುಚ್ಚು ಹತ್ತಿದಾಗ ಪ್ಲಾಸ್ಟಿಕ್ ಬ್ಯಾಟು, ಮೂರು ಹಳದಿ ವಿಕೆಟ್ಟು, ಗಾಳಿ ಬೀಸಿದ ಕಡೆ ಹೋಗುವಷ್ಟು ಹಗುರಾದ ಒಂದು ಚೆಂಡು ಬಂದವು. ನಾನೂ ಅಣ್ಣನೂ ಆಗಲೇ ಮೀಸೆ ಬರುತ್ತಿರುವ ಗಂಡಸರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿನಲ್ಲಿ ಬ್ಯಾಟು ಹಿಡಿದು ನಿಂತಳು. ಅಪ್ಪ ಅಂಪೈರು. ಮೊದಲ ಚೆಂಡಿಗೇ ಮೂರೂ ವಿಕೆಟ್ಟು ನೆಲಕ್ಕೆ. ಅಪ್ಪ ಬೆರಳೆತ್ತಿದ.

ಅತ್ತೆ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಒಡಹುಟ್ಟಿದವನಾಗಿ ಅಕ್ಕನ್ನ ಔಟ್ ಅಂತೀಯೇನೋ? ತೊಟ್ಟಿಲು ತೂಗಿದ ಕೈ ಕಣೋ ಇದು!"

ಅಪ್ಪ ಎತ್ತಿದ ಬೆರಳನ್ನು ಹಾಗೇ ತಂದು ಕಿವಿ ಕೆರೆದುಕೊಂಡ. ಕತ್ತಲಾಗುವವರೆಗೆ ಅತ್ತೆಯೇ ಆಡಿದಳು.

ಇಷ್ಟು ಹೊತ್ತು ನನ್ನ ತಂಗಿಯ ವಿಷಯ ಹೇಳಲೇ ಇಲ್ಲ. ನಾವು ಆಡುವಾಗಲೂ ಹೀಗೇ ಆಗುತ್ತಿತ್ತು.

ತಂಗಿ ನನಗಿಂತ ಏಳು ವರ್ಷ ಚಿಕ್ಕವಳು. ಎರಡು ವರ್ಷದವಳಿದ್ದಾಗ ಜ್ವರ ಬಂದು, ಪೋಲಿಯೋ ಎಂದರು, ಎಡಗಾಲು ಸೊರಗಿತು. ಕಬ್ಬಿಣದ ಪಟ್ಟಿಯ ಬೂಟು ಹಾಕಿಕೊಂಡು, ಟಕ್ ಟಕ್ ಎಂದು ನಡೆಯುತ್ತಿದ್ದಳು. ಅವಳ ವಿಷಯದಲ್ಲಿ ನಾವೆಲ್ಲ ತುಂಬಾ ಒಳ್ಳೆಯವರು. ಅವಳನ್ನು ಸೋಲಿಸಬಾರದೆಂದು ಅಮ್ಮನ ಕಟ್ಟಪ್ಪಣೆ. ಕಣ್ಣಾಮುಚ್ಚಾಲೆಯಲ್ಲಿ ಕಂಬದ ಹಿಂದೆ ಅವಳ ಬೂಟು ಕಂಡರೂ ನಮಗೆ ಕಾಣುತ್ತಿರಲಿಲ್ಲ. ಕೇರಂನಲ್ಲಿ ರಾಣಿಯನ್ನು ಅವಳಿಗೇ ಬಿಡುತ್ತಿದ್ದೆವು. ಬೀದಿಯ ಹುಡುಗರೂ ಅವಳನ್ನು ಸೇರಿಸಿಕೊಳ್ಳುತ್ತಿದ್ದರು, ಆಟಕ್ಕುಂಟು ಲೆಕ್ಕಕ್ಕಿಲ್ಲ ಎಂಬಂತೆ. ಪ್ರತಿಸಲ ಗೆದ್ದಾಗಲೂ ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅವಳು ನಗುತ್ತಿರಲಿಲ್ಲ. ನಮಗೆ ಅದು ವಿಚಿತ್ರವಾಗಿ ಕಾಣುತ್ತಿತ್ತು: ಇಷ್ಟು ಗೆದ್ದರೂ ಈ ಹುಡುಗಿಗೆ ಖುಷಿಯಿಲ್ಲವಲ್ಲ!

ಅವಳಿಗೆ ಒಂಬತ್ತು ವರ್ಷವಾಗಿದ್ದಾಗ ದಸರಾ ರಜೆಗೆ ತರೀಕೆರೆಯಿಂದ ಚೈನೀಸ್ ಚೆಕರ್ ಬಂತು. ನಕ್ಷತ್ರದ ಆಕಾರದ ಹಲಗೆ, ಅದರ ತುಂಬ ಸಣ್ಣ ಸಣ್ಣ ಕುಳಿ. ನಮ್ಮ ಕಾಯಿಗಳನ್ನೆಲ್ಲ ಎದುರಿನ ಮೂಲೆಗೆ ದಾಟಿಸಬೇಕು. ನಡುವೆ ಕಾಯಿ ಸಿಕ್ಕರೆ ಒಂದು ಸಲಕ್ಕೆ ಒಂದರಂತೆ ಅವುಗಳ ಮೇಲೆ ಹಾರುತ್ತ ಹೋಗಬಹುದು. ಹಿಂದೆಯೇ ಅತ್ತೆಯೂ ಬಂದಳು. ನಾನೂ ಅಣ್ಣನೂ ಎಲ್ಲೋ ಹೋಗಿದ್ದೆವು. ಮನೆಯಲ್ಲಿದ್ದವಳು ತಂಗಿ. "ಬಾರೇ, ಕೂತ್ಕೋ" ಎಂದಳು ಅತ್ತೆ.

ನಾವು ಬರುವಷ್ಟರಲ್ಲಿ ತಂಗಿ ಮೂರು ಆಟ ಸೋತು ಬಿಕ್ಕುತ್ತಿದ್ದಳು. ಅಮ್ಮ ಸೌಟು ಹಿಡಿದೇ ಹೊರಗೆ ಬಂದಳು. ಅತ್ತಿಗೆಯ ಎದುರು ಜನ್ಮದಲ್ಲಿ ದನಿಯೆತ್ತದವಳು ಅವತ್ತು ಎತ್ತಿದಳು.

"ಅಕ್ಕ, ಆ ಮಗೂ ಜೊತೆಗಾದ್ರೂ ಒಂದ್ಸಲ ಸೋಲಬಾರ್ದಾ? ನಿಮ್ಮ ಗಂಟೇನು ಹೋಗ್ತದೆ?"

ಅತ್ತೆಗೆ ನಿಜವಾಗಿಯೂ ಅರ್ಥವಾಗಲಿಲ್ಲ. "ಯಾಕೆ ಸೋಲ್ಬೇಕು? ಅವಳು ಆಡ್ತಾವ್ಳೆ, ನಾನೂ ಆಡ್ತಿದೀನಿ. ಬಿಟ್ಟು ಆಡಕ್ಕೆ ನನಗೆ ಬರಲ್ಲ ಕಣೇ."

ಅಮ್ಮ ಮಗಳ ಕೈ ಹಿಡಿದು ಎಬ್ಬಿಸಲು ಹೋದಳು. ತಂಗಿ ಕೈ ಕೊಸರಿಕೊಂಡಳು. ಮೂಗು ಲಂಗಕ್ಕೆ ಒರೆಸಿಕೊಂಡು ಹಲಗೆಯ ಕಡೆ ತಿರುಗಿದಳು. "ಅತ್ತೆ, ನೀನು ಆಗ್ಲೇ ಎರಡು ಕಾಯಿ ಒಟ್ಟಿಗೆ ಹಾರ್ದೆ. ನಾನು ನೋಡ್ದೆ. ವಾಪಸ್ ಇಡು."

"ನಾನಾ? ಗುರುಗಳಾಣೆಗೂ ಇಲ್ಲ!"

"ಇಡು ಅಂದ್ರೆ ಇಡು!"

ಅವಳು ಹಾಗೆ ಗದರಿದ್ದನ್ನು ನಾವು ಯಾರೂ ಕೇಳಿರಲಿಲ್ಲ. ಅತ್ತೆ ಕಾಯಿಯನ್ನು ವಾಪಸು ಇಟ್ಟಳು. ಆಮೇಲೂ ಗೆದ್ದಳು, ಅದು ಬೇರೆ ಮಾತು.

ಆ ರಜೆಯಲ್ಲಿ ಐದು ದಿನ ಅವರಿಬ್ಬರೂ ಆಡಿದರು. ಐದು ದಿನವೂ ತಂಗಿ ಸೋತಳು. ಅತ್ತೆ ಹೊರಟಾಗ "ಇನ್ನೊಂದು ದಿನ ಇರು" ಎಂದು ಸೆರಗು ಹಿಡಿದವಳೂ ಅವಳೇ. ಅತ್ತೆ ಹೋದ ಮೇಲೆ ನಮ್ಮ ಜೊತೆ ಆಡಲಿಲ್ಲ. ಸ್ಕೂಲಿಂದ ಬಂದವಳೇ ಹಲಗೆ ಬಿಚ್ಚಿ ಎರಡೂ ಕಡೆಯ ಕಾಯಿಗಳನ್ನು ತಾನೇ ನಡೆಸುತ್ತಿದ್ದಳು. ಒಂದು ಕಡೆ ಕೂತು ಒಂದು ನಡೆ. ಬೂಟು ಎಳೆದುಕೊಂಡು ಆಚೆ ಹೋಗಿ ಕೂತು ಇನ್ನೊಂದು ನಡೆ.

ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಅತ್ತೆ ಬಂದಳು. ಹಲಗೆ ಹಾಸಿಯೇ ಇತ್ತು. ಅರ್ಧ ಗಂಟೆ ಇಬ್ಬರೂ ಹಲಗೆಯಿಂದ ತಲೆ ಎತ್ತದೆ ಆಡಿದರು. ನೋಡುತ್ತ ನೋಡುತ್ತ ತಂಗಿಯ ಕೊನೆಯ ಕಾಯಿ ಈ ಮೂಲೆಯಿಂದ ಟಣಟಣ ಹಾರಿ ಎದುರಿನ ಮೂಲೆಯಲ್ಲಿ ಕೂತಿತು. ಆಟ ಮುಗಿದಿತ್ತು. ಅತ್ತೆ ಕನ್ನಡಕ ತೆಗೆದು ಒರೆಸಿದಳು. ಎರಡೂ ಕಡೆಯ ಕಾಯಿ ಎಣಿಸಿದಳು. ಚಾಪೆ ಎತ್ತಿ ಕೆಳಗೆ ನೋಡಿದಳು. "ಇನ್ನೊಂದು ಹಾಕೇ" ಎಂದಳು. ಅದನ್ನೂ ಸೋತಳು.

ಬೇಕೆಂದೇ ಸೋತಿರಬಹುದು ಎಂದು ನಿಮ್ಮಲ್ಲಿ ಕೆಲವು ಮೃದು ಹೃದಯದವರಿಗೆ ಅನಿಸಿದ್ದರೆ, ನಿಮಗೆ ನಮ್ಮತ್ತೆ ಗೊತ್ತಿಲ್ಲ! ಆಕೆ ಕಾಫಿ ಮುಟ್ಟಲಿಲ್ಲ. ಸಂಜೆಯ ಪ್ಯಾಸೆಂಜರಿಗೆ ಮಧ್ಯಾಹ್ನ ಎರಡಕ್ಕೇ "ರೈಲಿಗೆ ಹೊತ್ತಾಯ್ತು" ಎಂದು ಚೀಲ ಎತ್ತಿದಳು. ಯಾರಿಗೂ ಬತ್ತೀನಿ ಎನ್ನಲಿಲ್ಲ. ಮುಖ ಕುಂಬಳಕಾಯಿಯಾಗಿತ್ತು. ತಂಗಿ ಟಕ್ ಟಕ್ ಎಂದು ಗೇಟಿನವರೆಗೂ ಹಿಂದೆಯೇ ಹೋದಳು.

"ಅತ್ತೆ, ಮತ್ತೆ ಯಾವಾಗ ಬತ್ತೀಯ?"

ಅತ್ತೆ ತಿರುಗಲಿಲ್ಲ. "ಬತ್ತೀನಿ ಕಣೇ, ಯುಗಾದಿಗೆ. ನಿನ್ನ ಸೊಕ್ಕು ಮುರೀದೆ ಬಿಡ್ತೀನಾ?"

ತಂಗಿ ಗೇಟು ಹಿಡಿದು ನಿಂತು, ಅತ್ತೆ ಬೀದಿಯ ತಿರುವು ದಾಟುವವರೆಗೂ ನಗುತ್ತಿದ್ದಳು. ಹಲ್ಲೆಲ್ಲ ಕಾಣುವ ಹಾಗೆ, ಸದ್ದು ಮಾಡಿ. ಅಮ್ಮ ಬಾಗಿಲಿನಲ್ಲಿ ನಿಂತು ಅದನ್ನು ನೋಡಿದಳು.

ಸಂಜೆ ನಾನು ಅವಳ ಎದುರು ಹಲಗೆಗೆ ಕೂತೆ. ಅಭ್ಯಾಸಬಲ ನೋಡಿ, ಎರಡನೆಯ ನಡೆಗೇ ನನ್ನ ಕಾಯಿಯನ್ನು ಹಿಂದಕ್ಕೆ ಸರಿಸಿ ಅವಳಿಗೆ ದಾರಿ ಬಿಟ್ಟೆ. ಅವಳು ಒಂದು ಕ್ಷಣ ಹಲಗೆಯನ್ನು ನೋಡಿದಳು. ಆಮೇಲೆ ಎರಡೂ ಕೈಯಿಂದ ಅಷ್ಟೂ ಕಾಯಿಗಳನ್ನು ಬಳಿದು ನೆಲಕ್ಕೆ ಚೆಲ್ಲಿದಳು.

"ಅತ್ತೆ ಥರ ಆಡಕ್ಕೆ ಬರಲ್ವಾ ನಿಂಗೆ?" ಎಂದಳು.

ಮಂಚದ ಕೆಳಗೆ ಉರುಳಿದ್ದನ್ನೂ ಸೇರಿಸಿ ಕಾಯಿಗಳನ್ನೆಲ್ಲ ಆರಿಸಿ ತಂದು ಮತ್ತೆ ಜೋಡಿಸಿದೆ. ಹಲ್ಲು ಕಚ್ಚಿ ಆಡಿದೆ. ನಿಜವಾಗಿಯೂ, ಮೈಯೆಲ್ಲ ಬುದ್ಧಿ ಮಾಡಿಕೊಂಡು ಆಡಿದೆ. ಅಮ್ಮ ಊಟಕ್ಕೆ ಎರಡು ಸಲ ಕರೆದಳು, ಇಬ್ಬರೂ ಏಳಲಿಲ್ಲ. ನನ್ನ ನಾಲ್ಕು ಕಾಯಿ ಇನ್ನೂ ನಡುದಾರಿಯಲ್ಲಿರುವಾಗ ಅವಳ ಕೊನೆಯ ಕಾಯಿ ಮೂಲೆ ಸೇರಿತು.

ಎಸ್ಸೆಸ್ಸೆಲ್ಸಿ ಓದುತ್ತಿದ್ದ ಹುಡುಗ, ಮೂರನೆಯ ಕ್ಲಾಸಿನ ಹುಡುಗಿಯ ಕೈಯಲ್ಲಿ ಸೋತಿದ್ದೆ. ಕಿವಿ ಬಿಸಿಯಾಯಿತು. "ಇನ್ನೊಂದು ಹಾಕು" ಎಂದೆ.

ತಂಗಿ ಬೂಟಿನ ಪಟ್ಟಿ ಸಡಿಲಿಸಿ, ಕಾಲು ಆರಾಮಾಗಿ ಚಾಚಿಕೊಂಡು, ಕಾಯಿ ಜೋಡಿಸತೊಡಗಿದಳು.